ಕ್ಲೀನರ್ ಹುಡುಗನಿಗೂ ಒಂದು ಟ್ಯಾಗ್ ಕೊಡಿ

ನಮಸ್ಕಾರ. ಇವತ್ತು ಒಂದು ರಾತ್ರಿಯ ಕಥೆಯಿಂದ ಶುರು ಮಾಡ್ತೀನಿ.

ತುಮಕೂರು ರಸ್ತೆಯಲ್ಲಿ, ನೆಲಮಂಗಲ ದಾಟಿದ ಮೇಲೆ, ಒಂದು ದೊಡ್ಡ ಗೋದಾಮು. ಹೆಸರು ಬೇಡ. ನಾನು ಆಗ ಅಲ್ಲಿ ನೈಟ್ ಶಿಫ್ಟ್ ಡಾಕ್ ಸೂಪರ್‌ವೈಸರ್. ಡಾಕ್ ಅಂದ್ರೆ ಲಾರಿಗೆ ಸಾಮಾನು ತುಂಬೋ, ಇಳಿಸೋ ಕಟ್ಟೆ. ದೀಪಾವಳಿಗೆ ಇನ್ನೊಂದು ವಾರ ಇತ್ತು. ಡಾಕ್‌ನ ಒಂದು ಬಾಗಿಲೂ ಖಾಲಿ ಇಲ್ಲ, ಹೊರಗೆ ಸರ್ವಿಸ್ ರೋಡ್‌ವರೆಗೆ ಲಾರಿ ಸಾಲು. ರಾತ್ರಿ ಎರಡೂವರೆ ಇರಬೇಕು. ಏಳನೇ ಬಾಗಿಲಿಗೆ ನಿಂತಿದ್ದ ಲಾರಿಯ ಕ್ಲೀನರ್, ಹತ್ತೊಂಬತ್ತು ವರ್ಷದ ಹುಡುಗ, ಪಿಒಡಿಗೆ (ಸಾಮಾನು ತಲುಪಿತು ಅನ್ನೋ ರಸೀದಿಗೆ) ಸೀಲ್ ಹಾಕಿಸ್ಕೊಂಡು ಬಾ ಅಂತ ಡ್ರೈವರ್ ಕಳಿಸಿದ್ದಕ್ಕೆ ಒಳಗೆ ಬಂದ. ಆಫೀಸ್ ಎಲ್ಲಿದೆ ಅಂತ ಅವನಿಗೆ ಗೊತ್ತಿಲ್ಲ. ಬೆಳಕು ಜಾಸ್ತಿ ಇದ್ದ ಕಡೆ ನಡೆದ.

ರ್‍ಯಾಕ್ ಸಾಲು ಮುಗಿಯೋ ಮೂಲೆಗೆ ಬಂದಾಗ ನಮ್ಮ ಫೋರ್ಕ್‌ಲಿಫ್ಟ್, ಅಂದ್ರೆ ಮುಂದಿನ ಎರಡು ಕಬ್ಬಿಣದ ಕವೆಗಳಿಂದ ಸಾಮಾನು ಎತ್ತಿ ಸಾಗಿಸೋ ಗಾಡಿ, ಒಂದು ಪ್ಯಾಲೆಟ್ (ಸಾಮಾನು ಜೋಡಿಸೋ ಹಲಗೆ) ತುಂಬ ಸೋಪಿನ ಪುಡಿ ಹೊತ್ಕೊಂಡು ಎಡಕ್ಕೆ ತಿರುಗ್ತಿತ್ತು. ಹುಡುಗ ಅದನ್ನ ನೋಡಿದ. ನೋಡದೇ ಇರಲಿಲ್ಲ. ಗಾಡಿ ಆ ಕಡೆ ಹೋಗ್ತಿದೆ, ನಾನು ಈ ಕಡೆ ನಿಲ್ತೀನಿ ಅಂತ ಬಲಗಡೆ ಕಂಬಕ್ಕೆ ಒತ್ತಿ ನಿಂತ. ರಸ್ತೆ ಮೇಲೆ ಕಾರು, ಬಸ್ಸು ನೋಡಿ ಬೆಳೆದ ಯಾರೇ ಆದ್ರೂ ಹಾಗೇ ನಿಲ್ತಾರೆ. ಆದರೆ ಫೋರ್ಕ್‌ಲಿಫ್ಟ್ ತಿರುಗೋದು ಹಿಂದಿನ ಚಕ್ರದಿಂದ. ಮುಂಭಾಗ ಎಡಕ್ಕೆ ಹೋದರೆ ಹಿಂಭಾಗ ಬಲಕ್ಕೆ ಬೀಸುತ್ತೆ. ಆ ಹಿಂಭಾಗದಲ್ಲೇ ಗಾಡಿಯ ಕೌಂಟರ್‌ವೇಟ್ ಇರೋದು, ಅಂದ್ರೆ ಎರಕದ ಕಬ್ಬಿಣದ ದೊಡ್ಡ ದಿಮ್ಮಿ. ಮೂರು ಟನ್ ಎತ್ತೋ ಗಾಡಿ ಖಾಲಿ ಇದ್ದಾಗಲೂ ನಾಲ್ಕು ಟನ್‌ಗಿಂತ ಹೆಚ್ಚು ತೂಗುತ್ತೆ. ಹುಡುಗನ ಕಾಲು ಆ ದಿಮ್ಮಿಗೂ ರ್‍ಯಾಕ್ ಕಂಬಕ್ಕೂ ನಡುವೆ ಸಿಕ್ಕಿಕೊಳ್ತು.

ಬದುಕಿದ. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದು ರಾಡ್ ಹಾಕಿದ್ರು. ಆಂಬುಲೆನ್ಸ್ ಹೋದ ಮೇಲೆ ಆ ಕಂಬದ ಹತ್ತಿರ ಅವನ ಒಂದು ನೀಲಿ ಹವಾಯಿ ಚಪ್ಪಲಿ ಉಳಿದಿತ್ತು, ಬಾರು ಕಿತ್ತುಹೋಗಿತ್ತು. ಬೆಳಗ್ಗೆ ಶಿಫ್ಟ್‌ನವರು ಬರೋವರೆಗೆ ಅದನ್ನ ಯಾರೂ ಮುಟ್ಟಲಿಲ್ಲ.

ರಿಪೋರ್ಟ್‌ನಲ್ಲಿ ಏನು ಬರೆದ್ರು ಗೊತ್ತಾ? "ಅನಧಿಕೃತ ವ್ಯಕ್ತಿಯ ಅಜಾಗರೂಕತೆ." ಆ ಕಾಗದಕ್ಕೆ ನಾನೂ ಸಹಿ ಹಾಕಿದೆ. ಅದು ಇವತ್ತಿಗೂ ನನ್ನ ಮನಸ್ಸಲ್ಲಿ ಚುಚ್ಚುತ್ತೆ. ಯಾಕಂದ್ರೆ ಆ ಹುಡುಗನನ್ನ ಒಳಗೆ ಕರೆಸಿದ್ದು ನಮ್ಮದೇ ಪದ್ಧತಿ. ಸೀಲ್ ಹಾಕೋ ಟೇಬಲ್ ಒಳಗಿತ್ತು. ಅಲ್ಲಿಗೆ ಬರೋದಕ್ಕೆ ಬೇರೆ ದಾರಿ ಇರಲಿಲ್ಲ.

ಇದಾದ ಮೇಲೆ ಮ್ಯಾನೇಜ್‌ಮೆಂಟ್‌ನವರು ಟೆಕ್ನಾಲಜಿ ತಂದ್ರು. ಎಲ್ಲ ಗಾಡಿಗೂ ನೀಲಿ ದೀಪ, ಹಿಂದೆ ಸೆನ್ಸರ್, ಒಳಗೆ ಬಜರ್. ಆರು ತಿಂಗಳು ಕಳೆದು ನಾನು ಒಂದು ಗಾಡಿ ಹತ್ತಿ ನೋಡ್ತೀನಿ, ಬಜರ್ ಮೇಲೆ ಮೂರು ಸುತ್ತು ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಸುತ್ತಿದೆ. ಗಾಡಿ ಓಡಿಸೋ ಅಣ್ಣನನ್ನ ಕೇಳಿದೆ. ಅವನು ಮುಚ್ಚುಮರೆ ಇಲ್ಲದೆ ಹೇಳಿದ: "ಸಾರ್, ರ್‍ಯಾಕ್ ಕಂಬ ಕಂಡ್ರೂ ಕೂಗುತ್ತೆ, ಪ್ಯಾಲೆಟ್ ಕಂಡ್ರೂ ಕೂಗುತ್ತೆ, ಪಕ್ಕದ ಗಾಡಿ ಕಂಡ್ರೂ ಕೂಗುತ್ತೆ. ಮನುಷ್ಯ ಬಂದಾಗಲೂ ಅದೇ ಕೂಗು. ನಾನು ಯಾವುದಕ್ಕೆ ಅಂತ ತಿರುಗಿ ನೋಡ್ಲಿ?"

ಅವನ ಮೇಲೆ ಆ್ಯಕ್ಷನ್ ತಗೊಳ್ಳಿ ಅಂದ್ರು. ನನ್ನ ಪ್ರಕಾರ ತಪ್ಪು ಅವನದಲ್ಲ. ದಿನಕ್ಕೆ ನೂರಾರು ಸಲ ಸುಳ್ಳು ಹೇಳೋ ಅಲಾರಂ ನಿಜ ಹೇಳಿದಾಗಲೂ ಯಾರೂ ನಂಬಲ್ಲ. ತೋಳ ಬಂತು ತೋಳ ಕಥೆ ನಾವೆಲ್ಲ ಕೇಳಿದ್ದೀವಿ. ಅದೇ ಕಥೆಯನ್ನ ಲಕ್ಷಗಟ್ಟಲೆ ಖರ್ಚು ಮಾಡಿ ಗೋದಾಮಿಗೆ ತಂದು ಕೂರಿಸಿದ್ವಿ.

ಹಾಗಂತ ನಾನು ಟೆಕ್ನಾಲಜಿ ಬೇಡ ಅನ್ನೋನಲ್ಲ. ಬೇಕೇ ಬೇಕು ಅನ್ನೋನು. ಯಾಕೆ ಅಂತ ಒಂದು ಲೆಕ್ಕ ಹೇಳ್ತೀನಿ ಕೇಳಿ. ಗಂಟೆಗೆ 10 ಕಿಲೋಮೀಟರ್ ಅಂದ್ರೆ ನಮಗೆ ಆಮೆ ವೇಗ ಅನ್ಸುತ್ತೆ. ಆದರೆ ಅದು ಸೆಕೆಂಡಿಗೆ ಹತ್ತಿರ ಹತ್ತಿರ 2.8 ಮೀಟರ್. ಅಡ್ಡ ಬಂದವನನ್ನ ಕಂಡು, ತಲೆಗೆ ಹೊಳೆದು, ಕಾಲು ಬ್ರೇಕ್ ಮೇಲೆ ಹೋಗೋದಕ್ಕೆ ಒಂದೂವರೆ ಸೆಕೆಂಡ್ ಹಿಡಿಯಿತು ಅಂದ್ಕೊಳ್ಳಿ. ಬ್ರೇಕ್ ಮುಟ್ಟೋಕೆ ಮುಂಚೆಯೇ ಗಾಡಿ ನಾಲ್ಕು ಮೀಟರ್ ಮುಂದೆ ಹೋಗಿರುತ್ತೆ. ರ್‍ಯಾಕ್ ಮೂಲೆಯಿಂದ ಇಣುಕಿದವನಿಗೂ ಗಾಡಿಗೂ ನಡುವೆ ಎಷ್ಟೋ ಸಲ ಅಷ್ಟು ಜಾಗವೇ ಇರಲ್ಲ. ಇನ್ನು ಡ್ರೈವರ್ ಕಣ್ಣಿನ ಮುಂದೆ ಮಾಸ್ಟ್, ಅಂದ್ರೆ ಲೋಡ್ ಎತ್ತೋ ಕಬ್ಬಿಣದ ಕಂಬ ಇದೆ, ಅದರ ಮುಂದೆ ಲೋಡ್ ಇದೆ. ಎಂಥ ಪಳಗಿದ ಕೈ ಆದ್ರೂ ಕಾಣದ್ದನ್ನ ಕಾಣೋಕಾಗಲ್ಲ. "ನೋಡ್ಕೊಂಡು ಓಡ್ಸು" ಅಂತ ಬೈದರೆ ಆ ನಾಲ್ಕು ಮೀಟರ್ ಕಡಿಮೆ ಆಗುತ್ತಾ? ಆಗಲ್ಲ.

ಅಮೆರಿಕದಲ್ಲಿ ಇದರ ಲೆಕ್ಕ ಇಟ್ಟಿದ್ದಾರೆ. ಕೆಲಸಗಾರರ ಸುರಕ್ಷತೆ ಬಗ್ಗೆ ಅಧ್ಯಯನ ಮಾಡೋ ಅಲ್ಲಿನ ನಯಾಶ್ (NIOSH) ಅನ್ನೋ ಸರ್ಕಾರಿ ಸಂಸ್ಥೆ 1980ರಿಂದ 1994ರವರೆಗೆ ಫೋರ್ಕ್‌ಲಿಫ್ಟ್‌ನಿಂದ ಆದ 1,021 ಸಾವುಗಳನ್ನ ಬಿಡಿಸಿ ನೋಡ್ತು. ಗಾಡಿ ಮಗುಚಿ ಸತ್ತವರು ಶೇಕಡಾ 22. ನಡ್ಕೊಂಡು ಹೋಗ್ತಿದ್ದಾಗ ಗಾಡಿ ಬಡಿದು ಸತ್ತವರು ಶೇಕಡಾ 20. ಅಂದ್ರೆ ಐವರಲ್ಲಿ ಒಬ್ಬರು ಗಾಡಿ ಮೇಲೆ ಇರಲೇ ಇಲ್ಲ, ಕೆಳಗೆ ನಡೀತಿದ್ರು. ಲೆಕ್ಕ ಹಳೇದು, ಒಪ್ತೀನಿ. ಆದರೆ 2011ರಿಂದ 2017ರವರೆಗಿನ ಏಳು ವರ್ಷದಲ್ಲೂ ಅಲ್ಲಿ 614 ಕೆಲಸಗಾರರು ಫೋರ್ಕ್‌ಲಿಫ್ಟ್ ಅಪಘಾತಗಳಲ್ಲಿ ಸತ್ತಿದ್ದಾರೆ. ಗಾಡಿ ಓಡಿಸೋನಿಗೆ ತರಬೇತಿ ಕಡ್ಡಾಯ, ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ, 18 ತುಂಬದವನು ಗಾಡಿ ಮುಟ್ಟೋ ಹಾಗಿಲ್ಲ, ಇಷ್ಟೆಲ್ಲ ಕಾನೂನು ಇರೋ ದೇಶ ಅದು.

ನಮ್ಮಲ್ಲಿ? 1988ರ ಮೋಟಾರು ವಾಹನ ಕಾಯ್ದೆ, ಕಾರ್ಖಾನೆ ಅಥವಾ ಆವರಣದ ಒಳಗೆ ಮಾತ್ರ ಬಳಸೋ ವಿಶೇಷ ಗಾಡಿಗಳನ್ನ "ಮೋಟಾರು ವಾಹನ" ಅನ್ನೋ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಹೊರಗೆ ರಸ್ತೆಯಲ್ಲಿ ಪೊಲೀಸ್, ಆರ್‌ಟಿಒ, ಕ್ಯಾಮೆರಾ ಎಲ್ಲ ಇದೆ. ಕಾಂಪೌಂಡ್ ಒಳಗೆ ನಾಲ್ಕು ಟನ್ ಗಾಡಿ ಮತ್ತು ಚಪ್ಪಲಿ ಹಾಕಿದ ಕಾಲು, ಎರಡೂ ಒಂದೇ ಹಾದಿಯಲ್ಲಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೊಂದು ಸಣ್ಣ ಗೋದಾಮು ಇಟ್ಕೊಳ್ಳೋ ಅಗತ್ಯ ಕಡಿಮೆ ಆಯ್ತು, ದೊಡ್ಡ ದೊಡ್ಡ ಗೋದಾಮು ಎದ್ವು. ದಾಬಸ್‌ಪೇಟೆ ಕಡೆ, ಹೊಸಕೋಟೆ ಕಡೆ ಒಂದು ಸುತ್ತು ಹೋಗಿ ಬನ್ನಿ, ರಾಗಿ ಹೊಲ ಇದ್ದ ಜಾಗದಲ್ಲೆಲ್ಲ ತಗಡಿನ ಸೂರು. ಅದರೊಳಗೆ ಕೆಲಸ ಮಾಡೋರು ನಮ್ಮ ಹುಡುಗ್ರು, ನಮ್ಮ ಹೆಣ್ಮಕ್ಕಳು.

ಸರಿ, ಹಾಗಾದ್ರೆ ಯಾವ ಟೆಕ್ನಾಲಜಿ ಕೆಲಸಕ್ಕೆ ಬರುತ್ತೆ? ನೀಲಿ ದೀಪದಿಂದ ಶುರು ಮಾಡೋಣ. ಗಾಡಿ ಬರೋಕೆ ಮುಂಚೆ ಕೆಲವು ಮೀಟರ್ ಮುಂದೆ ನೆಲದ ಮೇಲೆ ಒಂದು ನೀಲಿ ಚುಕ್ಕೆ ಬೀಳುತ್ತೆ. ಬ್ಯಾಟರಿ ಗಾಡಿಗೆ ಸದ್ದೇ ಇಲ್ಲ, ಡೀಸೆಲ್ ಗಾಡಿ ಆಗಿದ್ರೆ ಕಿವಿಗಾದ್ರೂ ಕೇಳ್ತಿತ್ತು. ಹಾಗಾಗಿ ಈ ಚುಕ್ಕೆ ಒಳ್ಳೇದೇ, ಅಗ್ಗವೂ ಹೌದು. ಆದರೆ ಅದು ಎಚ್ಚರಿಸೋದು ನೆಲ ನೋಡ್ತಾ ನಡೆಯೋನನ್ನ ಮಾತ್ರ. ತಲೆ ಮೇಲೆ ಪೆಟ್ಟಿಗೆ ಹೊತ್ತವನಿಗೆ, ಸ್ಕ್ಯಾನರ್ ನೋಡ್ತಾ ಸಾಮಾನು ಆರಿಸ್ಕೊಂಡು ನಡೆಯೋ ಪಿಕ್ಕರ್ ಹುಡುಗಿಗೆ ಅದು ಕಾಣ್ಬೇಕಲ್ಲ.

ಆಮೇಲೆ ಎಐ ಕ್ಯಾಮೆರಾ. ಇದು ಕಂಬ ಯಾವುದು, ಮನುಷ್ಯ ಯಾರು ಅಂತ ಗುರುತಿಸುತ್ತೆ. ನಮ್ಮ ಅಣ್ಣ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇದು, ಕೂಗಿದ್ರೆ ಮನುಷ್ಯನಿಗೇ ಕೂಗುತ್ತೆ. ಆದರೆ ಕ್ಯಾಮೆರಾಗೂ ನಮ್ಮ ಕಣ್ಣಿನ ಹಾಗೇ ಗೋಡೆ ಆಚೆ ಕಾಣಲ್ಲ. ಲೆನ್ಸ್ ಮೇಲೆ ಸಿಮೆಂಟ್ ದೂಳು ಕೂತ್ರೆ ಮಬ್ಬು.

ನನಗೆ ನಿಜವಾಗಿ ನಂಬಿಕೆ ಬಂದಿದ್ದು ಯುಡಬ್ಲ್ಯುಬಿ ಟ್ಯಾಗ್ ನೋಡಿದ ಮೇಲೆ. ಅಲ್ಟ್ರಾ ವೈಡ್ ಬ್ಯಾಂಡ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಜಾಕೆಟ್‌ಗೆ ಸಿಕ್ಕಿಸ್ಕೊಳ್ಳೋದು. ಗಾಡಿಯಲ್ಲಿರೋ ಯಂತ್ರ ಒಂದು ಸಣ್ಣ ರೇಡಿಯೋ ಮಿಡಿತ ಕಳಿಸುತ್ತೆ, ಟ್ಯಾಗ್ ವಾಪಸ್ ಕಳಿಸುತ್ತೆ, ಹೋಗಿ ಬಂದ ಸಮಯದಿಂದ ದೂರ ಲೆಕ್ಕ ಹಾಕ್ತಾರೆ. ಬೆಳಕು ಒಂದು ನ್ಯಾನೋಸೆಕೆಂಡ್‌ನಲ್ಲಿ 30 ಸೆಂಟಿಮೀಟರ್ ಹೋಗುತ್ತೆ, ರೇಡಿಯೋ ಅಲೆಯೂ ಅಷ್ಟೇ. ಈ ಮಿಡಿತಗಳು ಒಂದೆರಡು ನ್ಯಾನೋಸೆಕೆಂಡ್‌ನಷ್ಟು ಚಿಕ್ಕವು. ಅದಕ್ಕೇ ಸುತ್ತ ಕಬ್ಬಿಣದ ರ್‍ಯಾಕ್‌ಗಳಿಗೆ ಬಡಿದು ಬರೋ ಪ್ರತಿಧ್ವನಿ ಯಾವುದು, ನೇರ ಬಂದದ್ದು ಯಾವುದು ಅಂತ ಬೇರೆ ಮಾಡೋಕೆ ಆಗುತ್ತೆ. ಸಾಮಾನು ತುಂಬಿದ ಸಾಲಿನ ಆಚೆ ಒಬ್ಬ ಬರ್ತಿದ್ದಾನೆ ಅನ್ನೋದು ಕಣ್ಣಿಗೆ ಕಾಣೋಕೆ ಮುಂಚೆ ಗಾಡಿಗೆ ಗೊತ್ತಾಗುತ್ತೆ. ನಡೆಯೋನ ಎದೆ ಮೇಲಿರೋ ಟ್ಯಾಗ್ ಕೂಡ ನಡುಗುತ್ತೆ. ಗದ್ದಲದಲ್ಲಿ ಕಿವಿಗೆ ಕೇಳದಿದ್ರೂ ಚರ್ಮಕ್ಕೆ ತಿಳಿಯುತ್ತೆ. ಒಂದು ಮಾತು, ಟ್ಯಾಗ್‌ಗೂ ಗಾಡಿಗೂ ನಡುವೆ ನಮ್ಮ ಮೈಯೇ ಅಡ್ಡ ಬಂದರೆ ಸಿಗ್ನಲ್ ಕುಂದುತ್ತೆ. ಪ್ಯಾಂಟಿನ ಜೇಬಲ್ಲಿ ತುರುಕ್ಕೊಂಡ್ರೆ ಪ್ರಯೋಜನ ಕಡಿಮೆ. ಭುಜದ ಹತ್ತಿರ ಇರಬೇಕು.

ಇಲ್ಲಿ ಬಹಳ ಜನ ಒಂದು ಪ್ರಶ್ನೆ ಕೇಳ್ತಾರೆ: ಹಾಗಾದ್ರೆ ಗಾಡಿ ತಾನೇ ಗಕ್ಕನೆ ನಿಲ್ಲೋ ಹಾಗೆ ಮಾಡಬಾರದಾ? ಬೇಡ. ಫೋರ್ಕ್ ಮೇಲೆ ಒಂದು ಟನ್ ಲೋಡ್ ಇದ್ದಾಗ ಗಕ್ಕನೆ ಬ್ರೇಕ್ ಬಿದ್ದರೆ ಲೋಡ್ ಮುಂದಕ್ಕೆ ಜಾರುತ್ತೆ, ಯಾರನ್ನ ಉಳಿಸೋಕೆ ನಿಲ್ಲಿಸಿದ್ವೋ ಅವನ ಮೇಲೇ ಬೀಳುತ್ತೆ. ಲೋಡ್ ಎತ್ತರದಲ್ಲಿದ್ದರೆ ಗಾಡಿಯೇ ಮುಗ್ಗರಿಸಬಹುದು. ಬೇಕಾಗಿರೋದು ನಿಧಾನ. ಮನುಷ್ಯ ಒಂದು ಗೆರೆ ದಾಟಿ ಹತ್ತಿರ ಬಂದ ಅಂದ್ರೆ ಗಾಡಿಯ ವೇಗ ತಾನಾಗೇ ನಡಿಗೆ ವೇಗಕ್ಕೆ ಇಳಿಯಬೇಕು. 10 ಇದ್ದದ್ದು 5 ಆದರೆ ಆ ನಾಲ್ಕು ಮೀಟರ್ ಎರಡಾಗುತ್ತೆ. ಡಾಕ್ ಬಾಯಲ್ಲಿ, ಸಾಲು ಮುಗಿಯೋ ಮೂಲೆಯಲ್ಲಿ, ಊಟದ ಕೋಣೆ ಬಾಗಿಲಲ್ಲಿ ಗಾಡಿ ಜೋರಾಗಿ ಓಡೋಕೆ ಆಗಲೇಬಾರದು, ಯಾರು ಪೆಡಲ್ ಒತ್ತಿದ್ರೂ ಸರಿ.

ನಾನು ಹೇಳಬೇಕು ಅಂತ ಕೂತಿರೋದು ಇಷ್ಟೇ: ಕೂಗೋ ಯಂತ್ರಕ್ಕೆ ದುಡ್ಡು ಹಾಕಬೇಡಿ, ನಿಧಾನ ಮಾಡೋ ಯಂತ್ರಕ್ಕೆ ಹಾಕಿ. ಕೂಗೋ ಯಂತ್ರ ಜವಾಬ್ದಾರಿಯನ್ನ ಡ್ರೈವರ್ ತಲೆಗೆ ಕಟ್ಟುತ್ತೆ, ಏನಾದ್ರೂ ಆದರೆ "ಅಲಾರಂ ಆಗಿತ್ತಲ್ಲ" ಅಂತ ದಾಖಲೆ ತೋರಿಸೋಕೆ ಅನುಕೂಲ. ನಿಧಾನ ಮಾಡೋ ಯಂತ್ರ ಹಾಕಿದ್ರೆ ಗಂಟೆಗೆ ಇಷ್ಟು ಪ್ಯಾಲೆಟ್ ಅನ್ನೋ ಟಾರ್ಗೆಟ್ ಕಡಿಮೆ ಮಾಡಬೇಕಾಗುತ್ತೆ. ಅಲ್ಲೇ ಮಾತು ನಿಲ್ಲೋದು. ಟಾರ್ಗೆಟ್ ಹಾಗೇ ಇಟ್ಟು ಸೆನ್ಸರ್ ಹಾಕಿದ್ರೆ ಆ ಅಣ್ಣ ಮತ್ತೆ ಟೇಪ್ ಹುಡುಕ್ತಾನೆ, ಹುಡುಕದೇ ಏನು ಮಾಡ್ತಾನೆ? ಅವನ ಇನ್ಸೆಂಟಿವ್ ಹೋಗುತ್ತೆ, ಮನೆ ಬಾಡಿಗೆ ಕಟ್ಟಬೇಕು.

ಇನ್ನೊಂದು ಮಾತು, ಮತ್ತು ಇದು ನನಗೆ ಎಲ್ಲಕ್ಕಿಂತ ಮುಖ್ಯ. ಟ್ಯಾಗ್ ಯಾರ ಮೈ ಮೇಲೆ ಇದೆಯೋ ಅವರನ್ನ ಮಾತ್ರ ಗಾಡಿ ನೋಡುತ್ತೆ. ಕಂಪನಿ ರೋಲ್‌ನಲ್ಲಿ ಇರೋರಿಗೆ ಟ್ಯಾಗ್ ಸಿಗುತ್ತೆ. ಕಂಟ್ರಾಕ್ಟ್ ಹಮಾಲರಿಗೆ? ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಲಾರಿ ಡ್ರೈವರ್‌ಗೆ, ಕ್ಲೀನರ್‌ಗೆ, ಕಸ ಗುಡಿಸೋ ಅಮ್ಮನಿಗೆ, ಟೀ ತರೋ ಹುಡುಗನಿಗೆ? ಜಾಗ ಗೊತ್ತಿಲ್ಲದವರು, ಫೋರ್ಕ್‌ಲಿಫ್ಟ್‌ನ ಹಿಂಭಾಗ ಬೀಸುತ್ತೆ ಅಂತ ಯಾರೂ ಹೇಳಿಕೊಡದವರು ಇವರೇ. ಸಿಸ್ಟಮ್‌ಗೆ ಇವರು ಇಲ್ಲವೇ ಇಲ್ಲ. ಟ್ಯಾಗ್ ಹಾಕಿದವರು ಮಾತ್ರ ಮನುಷ್ಯರು ಅಂತ ಗಾಡಿಗೆ ಕಲಿಸಿದ್ದೀವಿ. ಡ್ರೈವರ್ ಕೂಡ ನಿಧಾನಕ್ಕೆ ಅದನ್ನೇ ನಂಬ್ತಾನೆ, ಸ್ಕ್ರೀನ್ ಸುಮ್ಮನಿದೆ ಅಂದ್ರೆ ದಾರಿ ಖಾಲಿ ಅಂತ. ಅದಕ್ಕೇ ಟ್ಯಾಗ್ ಜೊತೆಗೆ ಕ್ಯಾಮೆರಾನೂ ಇರಲಿ ಅಂತೀನಿ, ಒಂದು ಬಿಟ್ಟದ್ದನ್ನ ಇನ್ನೊಂದು ಹಿಡಿಯಲಿ.

ಮತ್ತೆ ಕಬ್ಬಿಣದ ಕಟಕಟೆ. ಇದಕ್ಕೆ ಬ್ಯಾಟರಿ ಬೇಡ, ಸಾಫ್ಟ್‌ವೇರ್ ಬೇಡ. ನಡೆಯೋರಿಗೆ ಬೇರೆ ಬಾಗಿಲು, ಬೇರೆ ದಾರಿ, ನಡುವೆ ಗಾಡಿ ಬಡಿದರೂ ಬಗ್ಗದ ರೇಲಿಂಗ್. ನೆಲದ ಮೇಲಿನ ಹಳದಿ ಗೆರೆ ನಾಲ್ಕು ಟನ್ ಗಾಡಿಯನ್ನ ತಡೆಯಲ್ಲ. ಮೊದಲು ರೇಲಿಂಗ್, ಅದು ಹಾಕೋಕೆ ಆಗದ ಕಡೆ ಸೆನ್ಸರ್. ನಮ್ಮಲ್ಲಿ ಉಲ್ಟಾ ಆಗ್ತಿದೆ. ಸೆನ್ಸರ್ ಡೆಮೊ ವಿಡಿಯೋ ಚೆನ್ನಾಗಿ ಬರುತ್ತೆ, ರೇಲಿಂಗ್ ವಿಡಿಯೋ ಯಾರು ನೋಡ್ತಾರೆ?

ನಾನು ಈಗ ಬೇರೆ ಕಡೆ ಇದ್ದೀನಿ. ಇಲ್ಲಿ ಸೇರಿದಾಗ ಒಂದೇ ಒಂದು ವಿಷಯಕ್ಕೆ ಹಟ ಹಿಡಿದೆ. ಸೀಲ್ ಹಾಕೋ ಟೇಬಲ್ ಈಗ ಡಾಕ್ ಹೊರಗೆ, ಸೆಕ್ಯುರಿಟಿ ಪಕ್ಕದ ಕಿಟಕಿಯಲ್ಲಿದೆ. ಲಾರಿಯವರು ಒಳಗೆ ಬರೋ ಕೆಲಸವೇ ಇಲ್ಲ. ಬರಲೇಬೇಕು ಅಂದ್ರೆ ಗೇಟ್‌ನಲ್ಲಿ ಕಿತ್ತಳೆ ಜಾಕೆಟ್, ಭುಜದ ಮೇಲೆ ಟ್ಯಾಗ್ ಹೊಲಿದಿರೋದು, ಜೊತೆಗೆ ಒಂದು ಜೊತೆ ಶೂ. ಲೈಸೆನ್ಸ್ ಇಟ್ಟು ತಗೊಂಡು ಹೋಗ್ತಾರೆ, ವಾಪಸ್ ಕೊಟ್ಟು ಲೈಸೆನ್ಸ್ ತಗೊಳ್ತಾರೆ.

ಮೊನ್ನೆ ರಾತ್ರಿ ಒಬ್ಬ ಕ್ಲೀನರ್ ಬಂದ. ಇವನೂ ಚಿಕ್ಕವನೇ, ಲೈಸೆನ್ಸ್ ಇನ್ನೂ ಆಗಿಲ್ಲ, ಆಧಾರ್ ಇಟ್ಕೊಳ್ಳಿ ಅಂದ. ಜಾಕೆಟ್ ಹಾಕ್ಕೊಂಡು ಭುಜದ ಮೇಲಿದ್ದ ಟ್ಯಾಗ್ ಮುಟ್ಟಿ ನೋಡಿ, "ಇದೇನಣ್ಣ?" ಅಂದ. ಸೆಕ್ಯುರಿಟಿಯವರು ಅವನನ್ನ ಬಾಗಿಲ ಹತ್ತಿರ ಕರ್ಕೊಂಡು ಹೋಗಿ, ದೂರದಲ್ಲಿ ತಿರುಗ್ತಿದ್ದ ಗಾಡಿ ತೋರಿಸಿ, "ಅದರ ಮುಂಭಾಗ ನೋಡ್ಬೇಡ, ಹಿಂಭಾಗ ನೋಡು" ಅಂದ್ರು. ಹುಡುಗ ಒಂದು ನಿಮಿಷ ಅಲ್ಲೇ ನಿಂತು ನೋಡಿದ. ಆಮೇಲೆ ರೇಲಿಂಗ್ ಒಳಗಿನ ದಾರಿ ಹಿಡಿದು ನಡೆದ.