ಮೂರು ಕಾಲಿನ ಫಿರಂಗಿ ಡಿ-30

ಕೇಳುಗರೆಲ್ಲರಿಗೂ ನಮಸ್ಕಾರ.

ಉಕ್ರೇನ್ ಯುದ್ಧದ ಸುದ್ದಿ ಅಂದರೆ ಈಗ ಬರೀ ಡ್ರೋನ್, ಅಲ್ವಾ? ಡ್ರೋನ್ ಬಿಟ್ಟರೆ ಕ್ಷಿಪಣಿ. ಆ ಸುದ್ದಿಗಳಲ್ಲಿ ಅಷ್ಟಾಗಿ ಹೆಸರು ಕೇಳಿಬರದ ಒಂದು ಫಿರಂಗಿ ಇದೆ. ಎರಡೂ ಕಡೆಯವರ ಹತ್ತಿರ ಇದೆ. ಹೊಲದಂಚಿನ ಮರಗಳ ಸಾಲಿನಲ್ಲಿ ಗುಂಡಿ ತೋಡಿ, ಮೇಲೆ ಬಲೆ ಹೊದಿಸಿ ಬಚ್ಚಿಟ್ಟಿರುತ್ತಾರೆ. ಹೆಸರು ಡಿ-30. ಸೋವಿಯತ್ ಸೇನೆಗೆ ಇದು ಸೇರಿದ್ದು 1960ರ ದಶಕದ ಶುರುವಿನಲ್ಲಿ. ಇದಕ್ಕೆ ಇಂಜಿನ್ ಇಲ್ಲ, ಕವಚ ಅಂತ ಹೇಳಿಕೊಳ್ಳುವಂಥದ್ದೂ ಇಲ್ಲ, ಲಾರಿಗೆ ಕಟ್ಟಿ ಎಳೆದುಕೊಂಡು ಹೋಗಬೇಕು. ಅರವತ್ತು ವರ್ಷ ದಾಟಿದ ಈ ಫಿರಂಗಿಯನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ? ಅದರ ಕಬ್ಬಿಣವನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧಕ್ಕೆ ಅದನ್ನು ನಡೆಸುವ ಜನ, ಅವರು ಹಾಕುವ ಲೆಕ್ಕ, ಅವರಿಗೆ ಸಿಗುವ ಶೆಲ್ ಇವುಗಳನ್ನು ನೋಡಬೇಕು.

ಮೊದಲು ಕಬ್ಬಿಣದ ಮಾತು. ಉರಾಲ್ ಬೆಟ್ಟಗಳ ಮಗ್ಗುಲಲ್ಲಿ ಆಗ ಸ್ವೆರ್ಡ್‌ಲೋವ್‌ಸ್ಕ್ ಅಂತ ಕರೆಯುತ್ತಿದ್ದ, ಈಗ ಯೆಕಟೆರಿನ್‌ಬರ್ಗ್ ಆಗಿರುವ ಊರಿದೆ. ಅಲ್ಲಿನ 9ನೇ ನಂಬರಿನ ಕಾರ್ಖಾನೆಯಲ್ಲಿ ಫ್ಯೋದರ್ ಪೆತ್ರೋವ್ ಅವರ ತಂಡ ಇದನ್ನು ರೂಪಿಸಿತು. 1938ರ ಎಂ-30 ಎಂಬ ಫಿರಂಗಿಯ ಜಾಗಕ್ಕೆ ಇದು ಬಂತು. ನಳಿಗೆಯ ಒಳ ಅಗಲ ಎರಡಕ್ಕೂ ಒಂದೇ, 122 ಮಿಲಿಮೀಟರ್. ಆ ಅಳತೆ ಇನ್ನೂ ಹಳೇದು, ಝಾರ್ ದೊರೆಗಳ ಕಾಲದ್ದು. ಆಗ ರಷ್ಯಾದಲ್ಲಿ ಇಂಚಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಫಿರಂಗಿ ಅಳೆಯುತ್ತಿದ್ದರು. ಅಂಥ 48 ಭಾಗ ಸೇರಿದರೆ 121.92 ಮಿಲಿಮೀಟರ್ ಆಗುತ್ತದೆ.

ಇದನ್ನು ಹೂಡುವ ಕ್ರಮ ನೋಡಬೇಕು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಸಾಮಾನ್ಯವಾಗಿ ಫಿರಂಗಿಯ ಹಿಂಬದಿಯ ಕಾಲುಗಳನ್ನು ಲಾರಿಗೆ ಸಿಕ್ಕಿಸಿ ಎಳೆಯುತ್ತಾರೆ. ಡಿ-30ರಲ್ಲಿ ಲಾರಿಯ ಕೊಕ್ಕೆಗೆ ಸಿಕ್ಕಿಸುವುದು ನಳಿಗೆಯ ಮೂತಿಯನ್ನು, ಅಲ್ಲೇ ಒಂದು ಬಳೆ ಇಟ್ಟಿದ್ದಾರೆ. ಮೂರು ಕಾಲುಗಳೂ ನಳಿಗೆಯ ಕೆಳಗೆ ಒಟ್ಟಿಗೆ ಮಡಚಿಕೊಂಡಿರುತ್ತವೆ. ಜಾಗಕ್ಕೆ ಬಂದ ಕೂಡಲೇ ಕೊಕ್ಕೆ ಬಿಡಿಸಿ, ನಡುವೆ ಇರುವ ಜಾಕ್ ಇಳಿಸಿ ಫಿರಂಗಿಯನ್ನು ಮೇಲೆತ್ತುತ್ತಾರೆ. ಒಂದು ಕಾಲು ಇದ್ದಲ್ಲೇ ಇರುತ್ತದೆ, ಇನ್ನೆರಡನ್ನು ಆ ಕಡೆ ಈ ಕಡೆ ತಿರುಗಿಸಿ ಅಗಲಿಸುತ್ತಾರೆ. ಚಕ್ರಗಳನ್ನು ಮೇಲಕ್ಕೆ ಎತ್ತಿಬಿಟ್ಟು ಜಾಕ್ ಸಡಿಲಿಸಿದರೆ ಇಡೀ ಫಿರಂಗಿ ಮುಕ್ಕಾಲಿಯ ಹಾಗೆ ನೆಲದ ಮೇಲೆ ಕೂತುಕೊಳ್ಳುತ್ತದೆ. ಕಾಲಿನ ತುದಿಗೆ ಸುತ್ತಿಗೆಯಿಂದ ಗೂಟ ಬಡಿಯುತ್ತಾರೆ. ಪಳಗಿದ ತಂಡಕ್ಕೆ ಇಷ್ಟಕ್ಕೆಲ್ಲ ಎರಡು ನಿಮಿಷ ಸಾಕು. ಆಮೇಲೆ ನಳಿಗೆಯನ್ನು ಸುತ್ತ 360 ಡಿಗ್ರಿ ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ಬೇರೆ ಫಿರಂಗಿಗಳಲ್ಲಿ ಶತ್ರು ಪಕ್ಕದಿಂದ ಬಂದರೆ ಜನ ಸೇರಿ ಫಿರಂಗಿಯನ್ನೇ ಎತ್ತಿ ತಿರುಗಿಸಬೇಕು, ಇಲ್ಲಿ ಆ ಕಷ್ಟವಿಲ್ಲ.

ತೂಕ ಸುಮಾರು 3.2 ಟನ್. ಈ ಜಾತಿಯಲ್ಲಿ ಇದು ಹಗುರವೇ, ವಿಮಾನದಿಂದ ಪ್ಯಾರಾಶೂಟ್ ಕಟ್ಟಿ ಇಳಿಸಬಹುದು. ಅಫ್ಘಾನಿಸ್ತಾನದ ಬೆಟ್ಟಗಳಲ್ಲಿ ಸೋವಿಯತ್ ಸೇನೆಗೆ ಇದು ಜಾಸ್ತಿ ಬೇಕಾಗಿದ್ದು ಅದಕ್ಕೇ. ಬೆಟ್ಟದ ತುದಿಯ ಠಾಣೆಗೆ ಯಾವ ದಿಕ್ಕಿನಿಂದ ದಾಳಿ ಬರುತ್ತದೋ ಹೇಳಲಾಗುವುದಿಲ್ಲ, ಎಲ್ಲ ಕಡೆಗೂ ತಿರುಗುವ ಫಿರಂಗಿ ಅಲ್ಲಿ ದೊಡ್ಡ ಆಸರೆ. ಮುಂದೆ ಅಮೆರಿಕನ್ನರು ಅಫ್ಘನ್ ಸೇನೆಯನ್ನು ಕಟ್ಟಿದಾಗಲೂ ಆ ಸೇನೆಯ ಗನ್ನರ್‌ಗಳ ಕೈಗೆ ಬಂದದ್ದು ಇದೇ ಡಿ-30. ಈಜಿಪ್ಟ್, ಇರಾಕ್, ಚೀನಾ, ಯುಗೊಸ್ಲಾವಿಯಾ ತಮ್ಮಲ್ಲೇ ಇದನ್ನು ತಯಾರಿಸಿದವು. ನಮ್ಮ ಭಾರತೀಯ ಸೇನೆಯ ತೋಪುಗಳ ಪಟ್ಟಿಯಲ್ಲೂ ಡಿ-30 ಇದೆ.

ಹಾರಿಸುವುದು ಪೂರಾ ಕೈಕೆಲಸ. ಶೆಲ್ ಒಂದಕ್ಕೆ ಸುಮಾರು 22 ಕಿಲೋ. ಒಬ್ಬರು ಅದನ್ನು ನಳಿಗೆಗೆ ತಳ್ಳುತ್ತಾರೆ, ಇನ್ನೊಬ್ಬರು ಹಿಂದೆಯೇ ಮದ್ದಿನ ಲೋಹದ ಕೊಳವೆ ಇಡುತ್ತಾರೆ. ಆ ಕೊಳವೆಯೊಳಗೆ ಮದ್ದು ಸಣ್ಣ ಸಣ್ಣ ಗಂಟುಗಳಾಗಿ ಇರುತ್ತದೆ. ಗುರಿ ಹತ್ತಿರ ಇದ್ದರೆ ಒಂದೆರಡು ಗಂಟು ತೆಗೆದುಬಿಡುತ್ತಾರೆ, ಶೆಲ್ ಅಷ್ಟು ಕಡಿಮೆ ದೂರ ಹೋಗುತ್ತದೆ. ಹಿಂಬಾಗಿಲು ತಾನಾಗಿ ಮುಚ್ಚುತ್ತದೆ, ಹಾರಿದ ಮೇಲೆ ತಾನಾಗಿ ತೆರೆದು ಖಾಲಿ ಕೊಳವೆಯನ್ನು ಹೊರಗೆ ಎಸೆಯುತ್ತದೆ. ನಿಮಿಷಕ್ಕೆ 6ರಿಂದ 8 ಶೆಲ್ ಹಾರಿಸಬಹುದು. ಮಾಮೂಲಿ ಶೆಲ್ 15 ಕಿಲೋಮೀಟರ್ ಹೋಗುತ್ತದೆ, ರಾಕೆಟ್ ಜೋಡಿಸಿದ ಶೆಲ್ ಆದರೆ ಸುಮಾರು 22.

ಈಗ ಲೆಕ್ಕದ ಮಾತು. ಫಿರಂಗಿಯವರಿಗೆ ಗುರಿ ಕಣ್ಣಿಗೆ ಕಾಣುವುದಿಲ್ಲ. ದೂರ, ಎತ್ತರ, ಗಾಳಿ, ಮದ್ದಿನ ಬಿಸಿ ಎಲ್ಲ ಸೇರಿಸಿ ಕೋನ ಲೆಕ್ಕ ಹಾಕಬೇಕು. ಹಿಂದೆ ಅದು ಕಾಗದ, ಪೆನ್ಸಿಲ್, ಕೋಷ್ಟಕದ ಪುಸ್ತಕದ ಕೆಲಸ, ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಉಕ್ರೇನಿನ 55ನೇ ಫಿರಂಗಿ ಬ್ರಿಗೇಡಿನ ಅಧಿಕಾರಿ ಯಾರೊಸ್ಲಾವ್ ಶೆರ್ಸ್ತ್ಯುಕ್ ಈ ಡಿ-30ಗೆ ಅಂತಲೇ ಒಂದು ಆಂಡ್ರಾಯ್ಡ್ ಆ್ಯಪ್ ಬರೆದರು. ಅವರೇ ಹೇಳಿದ ಪ್ರಕಾರ ಆ ಲೆಕ್ಕ ಈಗ 15 ಸೆಕೆಂಡಿನೊಳಗೆ ಮುಗಿಯುತ್ತದೆ. ಯೋಚಿಸಿ ನೋಡಿ, ಫಿರಂಗಿಯ ಒಂದು ಬೋಲ್ಟನ್ನೂ ಮುಟ್ಟಿಲ್ಲ, ಜೇಬಿನಲ್ಲಿರುವ ಫೋನಿನಿಂದಲೇ ಅದರ ಚುರುಕು ಎಷ್ಟೋ ಪಟ್ಟು ಹೆಚ್ಚಿತು.

ಆದರೆ ಫೋನ್ ಬಂದಲ್ಲಿಗೆ ಕಳ್ಳರೂ ಬರುತ್ತಾರೆ. 2016ರ ಡಿಸೆಂಬರಿನಲ್ಲಿ ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸೈಬರ್ ಭದ್ರತಾ ಕಂಪನಿ ಒಂದು ವರದಿ ಹೊರಡಿಸಿತು. ರಷ್ಯಾದ ಹ್ಯಾಕರ್‌ಗಳು ಈ ಆ್ಯಪ್‌ನ ವಿಷ ಬೆರೆಸಿದ ಪ್ರತಿಯನ್ನು ಹರಿಯಬಿಟ್ಟಿದ್ದಾರೆ, ಅದರಿಂದ ಫಿರಂಗಿ ಇರುವ ಜಾಗ ಗೊತ್ತಾಗುವ ಸಾಧ್ಯತೆ ಇದೆ, 2014ರಲ್ಲಿ ಪೂರ್ವ ಉಕ್ರೇನಿನಲ್ಲಿ ಶುರುವಾದ ಯುದ್ಧದಲ್ಲಿ ಉಕ್ರೇನ್ ತನ್ನ ಡಿ-30ಗಳಲ್ಲಿ ನೂರಕ್ಕೆ 80ರಷ್ಟನ್ನು ಕಳೆದುಕೊಂಡಿದೆ ಅಂತ ಅದರಲ್ಲಿ ಇತ್ತು. ಶೆರ್ಸ್ತ್ಯುಕ್ ಒಪ್ಪಲಿಲ್ಲ, ಉಕ್ರೇನಿನ ರಕ್ಷಣಾ ಇಲಾಖೆಯೂ ಒಪ್ಪಲಿಲ್ಲ. ಆ ನಷ್ಟದ ಅಂಕಿ ಲಂಡನ್ನಿನ ಒಂದು ಅಧ್ಯಯನ ಸಂಸ್ಥೆಯ ಮಾಹಿತಿಯಿಂದ ತೆಗೆದದ್ದು, ಆ ಸಂಸ್ಥೆಯೇ ನಮ್ಮ ಮಾಹಿತಿಯನ್ನು ತಪ್ಪಾಗಿ ಓದಿದ್ದೀರಿ ಅಂತ ಹೇಳಿತು. 2017ರ ಮಾರ್ಚಿನಲ್ಲಿ ಕಂಪನಿ ತನ್ನ ಅಂಕಿಯನ್ನು ನೂರಕ್ಕೆ 15ರಿಂದ 20ಕ್ಕೆ ಇಳಿಸಿತು. ಆ ಹೊತ್ತಿಗೆ 80ರ ಸುದ್ದಿ ಊರೆಲ್ಲ ಸುತ್ತಿಯಾಗಿತ್ತು. ಯುದ್ಧದ ಅಂಕಿಗಳನ್ನು ನೋಡಿದಾಗ ನನಗೆ ಈ ಪ್ರಸಂಗ ಈಗಲೂ ನೆನಪಾಗುತ್ತದೆ.

ಇನ್ನೊಂದು ಮಾತು, ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಈ ಶೆಲ್ಲಿಗೆ ಕಣ್ಣಿಲ್ಲ. ಹದಿನೈದು ಕಿಲೋಮೀಟರ್ ಅಂದರೆ ಪೂರ್ವ ಉಕ್ರೇನಿನ ಡಾನ್‌ಬಾಸಿನಂಥ ಒತ್ತೊತ್ತಾಗಿ ಊರುಗಳಿರುವ ಪ್ರದೇಶದಲ್ಲಿ ಎಷ್ಟೋ ಮನೆ, ಶಾಲೆ, ಆಸ್ಪತ್ರೆ ಅದರ ಕೈಯಳತೆಯಲ್ಲೇ ಇರುತ್ತವೆ. ಅದಕ್ಕೇ 2015ರ ಫೆಬ್ರುವರಿಯ ಮಿನ್ಸ್ಕ್ ಕದನವಿರಾಮ ಒಪ್ಪಂದದಲ್ಲಿ ಎರಡೂ ಕಡೆಯ 100 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಫಿರಂಗಿಗಳ ನಡುವೆ ಕನಿಷ್ಠ 50 ಕಿಲೋಮೀಟರ್ ಅಂತರ ಇರಬೇಕು ಅಂತ ಬರೆದಿದ್ದರು. ಡಿ-30 ಆ ಪಟ್ಟಿಗೆ ಸೇರುತ್ತದೆ. ಆ ಮಾತು ಮತ್ತೆ ಮತ್ತೆ ಮುರಿಯಿತು, ವೀಕ್ಷಕರು ವರದಿ ಬರೆಯುತ್ತಲೇ ಇದ್ದರು, ನೆಲಮಾಳಿಗೆಯಲ್ಲಿ ಮಲಗುವುದು ಅಲ್ಲಿನ ಜನಕ್ಕೆ ರೂಢಿಯಾಗಿಹೋಯಿತು.

2022ರಲ್ಲಿ ಯುದ್ಧ ದೊಡ್ಡದಾಗುವ ಹೊತ್ತಿಗೆ ಈ ಫಿರಂಗಿ ರಾಜಕೀಯದ ವಿಷಯವೂ ಆಯಿತು. ಎಸ್ಟೋನಿಯಾ ತನ್ನ ಡಿ-30ಗಳನ್ನು ಉಕ್ರೇನಿಗೆ ಕೊಡುತ್ತೇನೆ ಅಂದಿತು. ಅವು ಮೂಲದಲ್ಲಿ ಪೂರ್ವ ಜರ್ಮನಿಯವು. ಎರಡು ಜರ್ಮನಿ ಒಂದಾದ ಮೇಲೆ ಫಿನ್ಲೆಂಡಿಗೆ ಹೋದವು, ಅಲ್ಲಿಂದ ಎಸ್ಟೋನಿಯಾಕ್ಕೆ. ಹಾಗಾಗಿ ಬೇರೆಯವರಿಗೆ ಕೊಡಬೇಕಾದರೆ ಜರ್ಮನಿ, ಫಿನ್ಲೆಂಡ್ ಎರಡೂ ಹೂಂ ಅನ್ನಬೇಕು. ಬರ್ಲಿನ್ ವಾರಗಟ್ಟಲೆ ಎಳೆದಾಡಿತು, ಫೆಬ್ರುವರಿ 24ರಂದು ರಷ್ಯಾ ನುಗ್ಗಿದ ಮೇಲೆಯೇ ಒಪ್ಪಿಗೆ ಕೊಟ್ಟಿದ್ದು.

ಫಿರಂಗಿ ಸಿಕ್ಕರೂ ಶೆಲ್ ಸಿಗಬೇಕಲ್ಲ? ಪಶ್ಚಿಮದ ದೇಶಗಳು ತಯಾರಿಸುವುದು 155 ಮಿಲಿಮೀಟರಿನದು, ಅದು ಇದಕ್ಕೆ ಹಿಡಿಸುವುದಿಲ್ಲ. ಹಳೇ ದಾಸ್ತಾನು ಬೇಗ ಕರಗಿತು. ಬಲ್ಗೇರಿಯಾದ ಕೊಸ್ಟೆನೆಟ್ಸ್ ಎಂಬ ಊರಿನ ಕಾರ್ಖಾನೆಯಲ್ಲಿ ದಶಕಗಳಿಂದ ನಿಂತುಹೋಗಿದ್ದ 122ರ ತಯಾರಿಕೆಯನ್ನು ಮತ್ತೆ ಶುರು ಮಾಡಬೇಕಾಯಿತು. ಆ ಕಡೆ ರಷ್ಯಾ ಉತ್ತರ ಕೊರಿಯಾದಿಂದ ಇದೇ ಅಳತೆಯ ಶೆಲ್ ತರಿಸಿಕೊಂಡಿತು.

ಮತ್ತೆ ಡ್ರೋನ್ ವಿಷಯ ಬರಲೇಬೇಕು. ಹಿಂದೆ ಆರು ಫಿರಂಗಿಗಳನ್ನು ಸಾಲಾಗಿ ನಿಲ್ಲಿಸಿ ಹಾರಿಸುತ್ತಿದ್ದರು. ಈಗ ಹಾಗೆ ನಿಲ್ಲಿಸಿದರೆ ಆಕಾಶದಿಂದ ನೋಡಿದವರು ಆರನ್ನೂ ಒಂದೇ ಸಲ ಮುಗಿಸುತ್ತಾರೆ. ಅದಕ್ಕೆ ಒಂದೊಂದನ್ನೂ ದೂರ ದೂರ ಬೇರೆ ಬೇರೆ ಗುಂಡಿಗಳಲ್ಲಿ ಇಡುತ್ತಾರೆ, ಸುತ್ತ ಮರದ ದಿಮ್ಮಿ ಪೇರಿಸುತ್ತಾರೆ, ರಷ್ಯಾದ ಲ್ಯಾನ್ಸೆಟ್ ಡ್ರೋನ್ ಬಂದು ಬಡಿದರೆ ಫಿರಂಗಿಗೆ ತಗಲುವ ಮೊದಲೇ ಸಿಕ್ಕಿಹಾಕಿಕೊಳ್ಳಲಿ ಅಂತ ತಂತಿ ಜಾಲರಿ ಕಟ್ಟುತ್ತಾರೆ. ಎಳೆದು ಜಾಗ ಬದಲಿಸುವುದು ಈಗ ಅಪಾಯ, ರಸ್ತೆಯಲ್ಲಿ ಲಾರಿ ಕಂಡರೆ ಮುಗಿಯಿತು. ಹಾಗಾಗಿ ಹಾರಿಸಿದ ಕೂಡಲೇ ಬಲೆ ಎಳೆದು ಮುಚ್ಚಿ, ಗನ್ನರ್‌ಗಳು ನೆಲದೊಳಗಿನ ಬಂಕರಿಗೆ ಇಳಿದುಬಿಡುತ್ತಾರೆ. ಇಂಜಿನ್ ಇಲ್ಲದ್ದು ಇಲ್ಲಿ ಒಂದು ಅನುಕೂಲವೇ. ಬಿಸಿ ಇಲ್ಲ, ಗಾತ್ರ ಚಿಕ್ಕದು, ಬಚ್ಚಿಡಲು ಸುಲಭ. ಪೆಟ್ಟು ಬಿದ್ದರೂ ಚಕ್ರವನ್ನೋ ನಳಿಗೆಯನ್ನೋ ಬದಲಿಸಿ ಮತ್ತೆ ನಿಲ್ಲಿಸಬಹುದು.

ಇಷ್ಟೆಲ್ಲ ಪಾಡು ಪಟ್ಟು ಇದನ್ನು ಯಾಕೆ ಉಳಿಸಿಕೊಳ್ಳುತ್ತಾರೆ ಅಂದರೆ, ದಟ್ಟ ಮಂಜು ಕವಿದ ದಿನ, ಜಡಿಮಳೆ, ಜೋರು ಗಾಳಿಯ ದಿನ ಸಣ್ಣ ಡ್ರೋನ್‌ಗಳು ಸರಿಯಾಗಿ ಹಾರುವುದಿಲ್ಲ. ಹಾರಿದರೂ ಜಾಮರ್ ಹಾಕಿ ಸಿಗ್ನಲ್ ಕೆಡಿಸುತ್ತಾರೆ. ಹಾರಿದ ಶೆಲ್ಲಿಗೆ ಸಿಗ್ನಲ್ ಬೇಕಿಲ್ಲ. ಮುಂದಿನ ಕಂದಕದಲ್ಲಿರುವ ಕಾಲಾಳುಗಳು ವೈರ್‌ಲೆಸ್‌ನಲ್ಲಿ ಜಾಗ ಹೇಳಿದರೆ, ಯಾವ ಹವೆಯಲ್ಲೂ ಕೆಲವೇ ನಿಮಿಷಗಳಲ್ಲಿ ಅಲ್ಲಿ ಶೆಲ್ ಬೀಳುತ್ತದೆ. ಉಕ್ರೇನ್ ಈಗ 155 ಮಿಲಿಮೀಟರಿನ ಬೊಹ್ದಾನಾ ಎಂಬ ಸ್ವಂತ ಫಿರಂಗಿ ತಯಾರಿಸುತ್ತಿದೆ, ಅದರಲ್ಲಿ ಎಳೆಯುವ ಮಾದರಿಯೂ ಬಂದಿದೆ. ಅವು ಎಲ್ಲ ಬ್ರಿಗೇಡುಗಳಿಗೂ ಸಾಕಾಗುವವರೆಗೆ, 122ರ ಶೆಲ್ಲೂ ಬದಲಿ ನಳಿಗೆಗಳೂ ಸಿಗುತ್ತಿರುವವರೆಗೆ ಡಿ-30 ಅಲ್ಲಿ ಕೆಲಸದಲ್ಲಿ ಇರುತ್ತದೆ.

ನಮಸ್ಕಾರ.