ಮುಚ್ಚುವ ಮೊದಲು ತೋರಿಸುವವನು

(ದಾವಣಗೆರೆಯ ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ಬಡಾವಣೆಯ ಹಿರಿಯರೇ, ತಾಯಂದಿರೇ, ಮಿತ್ರರೇ,

ಆಮಂತ್ರಣದಲ್ಲಿ ನನ್ನ ವಿಷಯವನ್ನು 'ನಂಬಿಕಸ್ಥ ಗುತ್ತಿಗೆದಾರರ ಆಯ್ಕೆ' ಎಂದು ಅಚ್ಚು ಹಾಕಿಸಿದ್ದೀರಿ. ಕಾರ್ಯದರ್ಶಿಗಳು ಫೋನಿನಲ್ಲಿ ಕೇಳಿದ್ದು ಇನ್ನೂ ನೇರವಾಗಿತ್ತು: "ಸರ್, ನಮ್ಮ ಬೀದಿಯಲ್ಲಿ ಕೆಲವರು ಕಾಂಪೌಂಡ್ ಕಟ್ಟಿಸುವವರಿದ್ದಾರೆ, ಕೆಲವರು ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವವರಿದ್ದಾರೆ. ಯಾರನ್ನು ಕರೆಸಬೇಕು, ಹೆಸರು ಹೇಳಿಬಿಡಿ." ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ಆ ಮನುಷ್ಯನ ದರ ಏರುತ್ತದೆ, ಕೆಲಸ ಇಳಿಯುತ್ತದೆ. ಸರ್ಕಾರಿ ಕಾಮಗಾರಿಗಳ ಅಳತೆ ಪುಸ್ತಕ ಬರೆಯುತ್ತಾ ನೌಕರಿ ಮುಗಿಸಿದವನು ನಾನು. ಆ ಪುಸ್ತಕದ ಒಂದು ನಿಯಮವನ್ನು ನಿಮ್ಮ ಅಂಗಳದವರೆಗೆ ತಂದುಕೊಡಬಲ್ಲೆ.

ಮಣ್ಣಿನಡಿ ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆದು ಬರೆಯಬೇಕು ಎಂಬುದೇ ಆ ನಿಯಮ. ಪಾಯದ ಆಳ, ಅದರ ತಳಕ್ಕೆ ಹಾಸುವ ಬೆಡ್ ಕಾಂಕ್ರೀಟಿನ ದಪ್ಪ, ಸರಳುಗಳ ಲೆಕ್ಕ, ಇವನ್ನು ಮೇಲೆ ಮಣ್ಣು ಬಿದ್ದ ನಂತರ ಬ್ರಹ್ಮನೂ ಅಳೆಯಲಾರ. ಅಡುಗೆಮನೆಯ ಟೈಲ್ಸ್ ಸೊಟ್ಟಗಿದ್ದರೆ ಆವತ್ತೇ ಕಾಣುತ್ತದೆ, ಆವತ್ತೇ ಜಗಳವಾಡಬಹುದು. ಹೊರಗಿನ ಕೆಲಸದ ತಪ್ಪು ಕಾಣುವುದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ. ಅಷ್ಟರಲ್ಲಿ ಹಣ ಸಂದಾಯವಾಗಿರುತ್ತದೆ, ಗುತ್ತಿಗೆದಾರನ ಫೋನ್ ಸ್ವಿಚ್ ಆಫ್ ಆಗಿರುತ್ತದೆ. ಆದ್ದರಿಂದ ಗುಂಡಿ ಮುಚ್ಚುವ ಮೊದಲು "ಬಂದು ಒಮ್ಮೆ ನೋಡಿಬಿಡಿ ಸರ್" ಎಂದು ತಾನಾಗಿಯೇ ಕರೆಯುವವನನ್ನು ಹುಡುಕಿ. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಅಂಥವನನ್ನು ಕೆಲಸ ಕೊಡುವ ಮುನ್ನವೇ ಗುರುತಿಸುವ ಬಗೆ.

ಮೊದಲು ನಮ್ಮ ಕಾಲಡಿಯ ಮಣ್ಣಿನ ಮಾತು. ಈ ಊರಿಗೆ ಬಟ್ಟೆ ಗಿರಣಿಗಳ ಹೆಸರು ಬಂದದ್ದರ ಹಿಂದೆ ಸುತ್ತಲಿನ ಹೊಲಗಳ ಹತ್ತಿಯಿದೆ, ಹತ್ತಿಯ ಹಿಂದೆ ಎರೆ ಮಣ್ಣಿದೆ. ಗಿರಣಿಗಳ ಸದ್ದಡಗಿತು, ಎರೆ ಮಣ್ಣು ಎಲ್ಲಿಗೂ ಹೋಗಿಲ್ಲ. ಭದ್ರಾ ನಾಲೆಯ ನೀರುಂಡ ಗದ್ದೆಗಳೂ ನಿವೇಶನಗಳಾಗಿವೆ. ಎರೆ ಮಣ್ಣು ನೀರು ಕುಡಿದರೆ ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ, ಏಪ್ರಿಲ್ ಬಿಸಿಲಿಗೆ ಬೆರಳು ಇಳಿಯುವಷ್ಟು ಬಿರುಕು ಬಿಡುತ್ತದೆ. ಮನೆಯ ಭಾರ ಅದನ್ನು ಸ್ವಲ್ಪವಾದರೂ ಅದುಮಿಡುತ್ತದೆ. ಹಗುರವಾದ ಕಾಂಪೌಂಡ್ ಗೋಡೆಗೆ ಆ ಶಕ್ತಿ ಇಲ್ಲ, ಮಣ್ಣು ಎತ್ತಿದರೆ ಏಳುತ್ತದೆ, ಇಳಿಸಿದರೆ ಇಳಿಯುತ್ತದೆ. ಇದರ ಮೊದಲ ಸುಳಿವು ಗೇಟಿನಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಬೀಳುತ್ತಿದ್ದ ಚಿಲಕ ಮಳೆಗಾಲದಲ್ಲಿ ತೂತಿಗೆ ಕೂರುವುದಿಲ್ಲ. ನಾವು ವೆಲ್ಡಿಂಗ್‌ನವನನ್ನು ಕರೆಸಿ ತೂತು ದೊಡ್ಡದು ಮಾಡಿಸುತ್ತೇವೆ. ವಾಲಿದ್ದು ಕಂಬ. ಕಂಬದ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹತ್ತುವುದು ಅದರ ಮುಂದಿನ ಹಂತ.

ಇಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ ಒಂದೂವರೆ ಅಡಿ ತೋಡುವಷ್ಟರಲ್ಲಿ ಹಾರೆ ಠಣ್ ಎನ್ನುವ ಜಾಗಗಳಿವೆ. ಅಲ್ಲಿ ಅಷ್ಟೇ ಆಳದ ಪಾಯ ಹಾಕಿ ಒಳ್ಳೆಯ ಹೆಸರು ಗಳಿಸಿದ ಮೇಸ್ತ್ರಿ ಅದೇ ಅಭ್ಯಾಸವನ್ನು ಇಲ್ಲಿನ ಎರೆಯಲ್ಲಿ ಮುಂದುವರಿಸಿದರೆ ಅವನ ಪ್ರಾಮಾಣಿಕತೆ ನಮ್ಮ ಗೋಡೆಯನ್ನು ಉಳಿಸುವುದಿಲ್ಲ. ಸಭೆಯಲ್ಲಿರುವ ದುರ್ಗದವರು ಬೇಸರಿಸಬಾರದು. ಜಿಲ್ಲೆ ಬೇರೆಯಾದದ್ದು 1997ರಲ್ಲಿ, ಮಣ್ಣು ಬೇರೆಯಾದದ್ದು ಅದಕ್ಕೂ ಬಹಳ ಮೊದಲು. ನಮ್ಮಲ್ಲೂ ಒಂದು ಬಡಾವಣೆ ಕೆಂಪು ಗರಸಿನ ಮೇಲಿದ್ದರೆ ಪಕ್ಕದ್ದು ಎರೆಯ ಮೇಲಿರುತ್ತದೆ. ಹೀಗಾಗಿ ಒಳ್ಳೆಯ ಮನುಷ್ಯ ಎಂಬ ಶಿಫಾರಸು ಸಾಲದು, ಈ ಮಣ್ಣಿನಲ್ಲಿ ಕೆಲಸ ಮಾಡಿದ್ದಾನೆಯೇ ಎಂದೂ ಕೇಳಬೇಕು.

ನಾವು ಗುತ್ತಿಗೆದಾರನಿಗೆ ಕೇಳುವ ಮೊದಲ ಪ್ರಶ್ನೆ "ಅಡಿಗೆ ಎಷ್ಟು?" ಎಂಬುದು. ಫೋನಿನಲ್ಲೇ ಅದಕ್ಕೆ ಉತ್ತರ ಹೇಳಿದವನನ್ನು ಅಲ್ಲಿಗೇ ಬಿಡಿ. ಜಾಗ ನೋಡದೆ ದರ ಹೇಳುವವನು ಜಾಗ ನೋಡದೆಯೇ ಕೆಲಸವನ್ನೂ ಮಾಡುತ್ತಾನೆ. ಮನೆಗೆ ಬಂದವನು ನಿಮ್ಮನ್ನು ಏನೇನು ಕೇಳುತ್ತಾನೆ ಎಂಬುದನ್ನು ಗಮನಿಸಿ. ಮಳೆ ನೀರು ಈಗ ಯಾವ ಕಡೆ ಹೋಗುತ್ತಿದೆ? ಒಳಚರಂಡಿಯ ಕೊಳವೆ ಎಲ್ಲಿ ಹಾದಿದೆ? ಸಂಪಿನ ಗೋಡೆ ಎಷ್ಟು ದೂರ? ಈ ಬೇವಿನ ಮರ ಇರುತ್ತದೋ, ಕಡಿಸುತ್ತೀರೋ? ಮೂಲೆಯಲ್ಲಿ ಒಂದು ಗುಂಡಿ ತೋಡಿಸಿ ನೋಡೋಣವೇ? ಹೀಗೆ ಕೇಳುವವನ ತಲೆಯಲ್ಲಿ ಕೆಲಸ ಆಗಲೇ ಶುರುವಾಗಿದೆ. ಬಂದವನೇ ಗ್ರಾನೈಟ್ ಕ್ಯಾಪಿಂಗ್, ಗೇಟಿನ ಡಿಸೈನ್, ಕಂಬದ ಮೇಲಿನ ದೀಪ ಎಂದು ಮೇಲುಮೇಲಿನದ್ದನ್ನೇ ವರ್ಣಿಸಿದರೆ ಚಹಾ ಕೊಟ್ಟು ಕಳುಹಿಸಿ.

ನೀರಿನ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಸ್ತೆಗೆ ಪ್ರತಿ ಬಾರಿ ಡಾಂಬರು, ಕಾಂಕ್ರೀಟು ಬಿದ್ದಾಗಲೂ ಅದು ಒಂದಿಷ್ಟು ಎತ್ತರವಾಗುತ್ತದೆ, ನಮ್ಮ ಅಂಗಳ ಅಷ್ಟಕ್ಕಷ್ಟು ತಗ್ಗಾಗುತ್ತದೆ. 20 ಅಡಿ ಉದ್ದದ ಅಂಗಳಕ್ಕೆ ಮನೆಯ ಕಡೆಯಿಂದ ಚರಂಡಿಯ ಕಡೆಗೆ ಮೂರು ಇಂಚಿನಷ್ಟಾದರೂ ಇಳಿಜಾರು ಬೇಕು. ಚರಂಡಿಯೇ ಎತ್ತರದಲ್ಲಿದ್ದರೆ ಈ ಮೂರು ಇಂಚು ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ಕೆಲಸಕ್ಕೆ ಮೊದಲೇ ಆಗಬೇಕು. ಬಲ್ಲ ಮೇಸ್ತ್ರಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಒಂದು ತುದಿಯನ್ನು ಬಾಗಿಲ ಬಳಿ, ಇನ್ನೊಂದನ್ನು ಚರಂಡಿಯ ಬಳಿ ಹಿಡಿಸಿ ಮಟ್ಟ ನೋಡಿಯೇ ಮುಂದಿನ ಮಾತು ಆಡುತ್ತಾನೆ. "ಕಣ್ಣಂದಾಜಿಗೆ ಸರಿಯಿದೆ" ಎಂದವನ ಅಂಗಳದಲ್ಲಿ ಮಳೆ ನಿಂತ ಮರುದಿನವೂ ನೀರು ಮಡುಗಟ್ಟಿರುತ್ತದೆ.

ಇನ್ನು ಅವನ ಹಳೆಯ ಕೆಲಸ ನೋಡುವುದು. ಮೊಬೈಲಿನಲ್ಲಿ ತೋರಿಸುವ ಫೋಟೊಗಳೆಲ್ಲ ಕೆಲಸ ಮುಗಿದ ದಿನ ತೆಗೆದವು, ಆ ದಿನ ಎಲ್ಲರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ಎರಡು ಮಳೆಗಾಲ ಕಂಡ ಕೆಲಸದ ವಿಳಾಸ ಕೇಳಿ. ಅವನನ್ನು ಬಿಟ್ಟು ನೀವೇ ಹೋಗಿ. ಅಲ್ಲಿ ಮನೆಯ ಯಜಮಾನರನ್ನು ಕೇಳುವುದಕ್ಕಿಂತ ಬೆಳಿಗ್ಗೆ ಅಂಗಳ ತೊಳೆದು ರಂಗೋಲಿ ಹಾಕುವವರನ್ನು ಕೇಳುವುದು ಲೇಸು. ಯಜಮಾನರು ತಾವೇ ಆರಿಸಿದ ಗುತ್ತಿಗೆದಾರನನ್ನು ಬಿಟ್ಟುಕೊಡುವುದಿಲ್ಲ. ಅಂಗಳ ತೊಳೆಯುವವರಿಗೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಬ್ಲಾಕ್ ಕಾಲಿಟ್ಟರೆ ಅಲ್ಲಾಡುತ್ತದೆ ಎಂಬುದು ನಿತ್ಯದ ಅನುಭವ. ಕಾರಿನ ಚಕ್ರ ನಿಲ್ಲುವ ಜಾಗದಲ್ಲಿ ಕುಳಿ ಬಿದ್ದಿದೆಯೇ ಎಂದು ನೀವೇ ಬಗ್ಗಿ ನೋಡಿ. ಬಿದ್ದಿದ್ದರೆ ಅಡಿಯಲ್ಲಿ ಜಲ್ಲಿ ಹಾಸಿ ದಮ್ಮಸ್ಸು ಮಾಡಿಲ್ಲ ಎಂದರ್ಥ. ಸಿಮೆಂಟ್ ಅಂಗಡಿಯವರ ಹತ್ತಿರವೂ ಎರಡು ಮಾತು ಆಡಿ ಬನ್ನಿ. ಯಾರು ಹಳೆಯ ಬಾಕಿ ತೀರಿಸಲು ಹೊಸ ಮನೆಯ ಮುಂಗಡ ತರುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ವಾರದ ಬಟವಾಡೆಯನ್ನು ಸರಿಯಾಗಿ ಮಾಡದವನ ಬಳಿ ಒಳ್ಳೆಯ ಗಾರೆಯವರು ನಿಲ್ಲುವುದಿಲ್ಲ. ಕೆಲಸಕ್ಕೆ ಪ್ರತಿ ವಾರ ಹೊಸ ಮುಖಗಳು ಬರುತ್ತಿದ್ದರೆ ಕಾರಣ ಇದೇ ಇರಬಹುದು.

"ಒಂದನೇ ದರ್ಜೆ ಗುತ್ತಿಗೆದಾರ" ಎಂಬ ಬೋರ್ಡಿಗೆ ಮರುಳಾಗಬೇಡಿ. ಆ ದರ್ಜೆ ಎಷ್ಟು ಮೊತ್ತದ ಸರ್ಕಾರಿ ಟೆಂಡರಿಗೆ ನಿಲ್ಲಬಹುದು ಎಂಬುದನ್ನು ಹೇಳುತ್ತದೆ, ನಿಮ್ಮ ಗೇಟಿನ ಕಂಬದ ಬಗ್ಗೆ ಏನನ್ನೂ ಹೇಳುವುದಿಲ್ಲ. ಜಿಎಸ್‌ಟಿ ಸಂಖ್ಯೆ ಇಲ್ಲ ಎಂದ ಮಾತ್ರಕ್ಕೆ ಸಣ್ಣ ಮೇಸ್ತ್ರಿಯನ್ನು ಅನುಮಾನಿಸುವುದೂ ಬೇಡ. ಸೇವೆಯಿಂದ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟದವರಿಗೆ ಆ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಿಲ್ಲ. ಕೊಟ್ಟ ಹಣಕ್ಕೆ ಸಹಿ ಮಾಡಿದ ರಸೀದಿ ಕೊಡಲು ಹಿಂಜರಿಯುತ್ತಾನೆಯೇ, ಅದನ್ನು ನೋಡಿ.

ಎಸ್ಟಿಮೇಟ್ ಓದುವುದನ್ನು ಕಲಿತರೆ ಮನುಷ್ಯನನ್ನು ಅರ್ಧ ಓದಿದ ಹಾಗೆ. ಎರಡು ಹಾಳೆಗಳನ್ನು ಕಲ್ಪಿಸಿಕೊಳ್ಳಿ. ಒಂದರಲ್ಲಿ ಒಂದೇ ಸಾಲು: 'ಕಾಂಪೌಂಡ್ 40 ಅಡಿ, ಸಾಮಾನು ಸಹಿತ, ಒಟ್ಟು ಇಷ್ಟು'. ಇನ್ನೊಂದರಲ್ಲಿ ಹೀಗಿದೆ: ಪಾಯ ಎರಡು ಅಡಿ ಅಗಲ, ಮೂರು ಅಡಿ ಆಳ, ಇಲ್ಲವೇ ಗಟ್ಟಿ ಗರಸು ಸಿಗುವವರೆಗೆ, ಹೆಚ್ಚಿನ ಆಳಕ್ಕೆ ಅಡಿಗೆ ಇಷ್ಟು, ನಾಲ್ಕು ಇಂಚು ಬೆಡ್ ಕಾಂಕ್ರೀಟ್, ಸೈಜುಗಲ್ಲಿನ ಕಟ್ಟಡ, ಗಾರೆ ಒಂದಕ್ಕೆ ಆರು (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು), ಪಾಯದ ಮೇಲೆ ಸರಳು ಹಾಕಿದ ಕಾಂಕ್ರೀಟ್ ತೊಲೆ, ಅಂದರೆ ಪ್ಲಿಂತ್ ಬೀಮ್, ಬ್ಲಾಕ್ ಗೋಡೆ, ಗೋಡೆ ಅಲುಗಿದರೂ ಬಿರುಕು ಬಿಡದಂತೆ ನಡುವೆ ಒಂದು ಕಡೆ ಸಂದು, ಎರಡೂ ಬದಿ ಗಿಲಾವು. ಎರಡನೆಯ ಹಾಳೆಯ ಮೊತ್ತ ಜಾಸ್ತಿಯೇ ಇರುತ್ತದೆ. ಆದರೂ 'ಗಟ್ಟಿ ಗರಸು ಸಿಗುವವರೆಗೆ' ಎಂಬ ಮಾತು ಮತ್ತು ಹೆಚ್ಚಿನ ಆಳದ ದರ, ಇವೆರಡಕ್ಕಾಗಿಯೇ ನಾನು ಅವನ ಕಡೆ ವಾಲುತ್ತೇನೆ. ನೆಲದೊಳಗೆ ಏನಿದೆಯೋ ತನಗೂ ಗೊತ್ತಿಲ್ಲ ಎಂದು ಅವನು ಬರಹದಲ್ಲೇ ಒಪ್ಪಿಕೊಂಡಿದ್ದಾನೆ, ಗೊತ್ತಾದ ದಿನ ಜಗಳವಾಗದಂತೆ ದರವನ್ನೂ ಕಟ್ಟಿಟ್ಟಿದ್ದಾನೆ. ಮೊದಲನೆಯವನು ಗಟ್ಟಿ ನೆಲ ಸಿಗದಿದ್ದರೂ ಎರಡು ಅಡಿಗೇ ನಿಲ್ಲಿಸುತ್ತಾನೆ, ಏಕೆಂದರೆ ಮುಂದಿನ ಪ್ರತಿ ಅಡಿಯೂ ಅವನ ಜೇಬಿನದ್ದು.

ಸಾಮಗ್ರಿ ನೀವೇ ಕೊಡಿಸಿ ಕೂಲಿ ಮಾತ್ರ ಗುತ್ತಿಗೆ ಕೊಡುವುದೋ, ಎಲ್ಲವನ್ನೂ ಅವನಿಗೇ ಬಿಡುವುದೋ? ಹಗಲು ಮನೆಯಲ್ಲಿ ಯಾರಾದರೂ ಇರುವವರು ಕೂಲಿ ಗುತ್ತಿಗೆಯನ್ನೇ ಕೊಡಲಿ ಎಂಬುದು ನನ್ನ ಅಭಿಪ್ರಾಯ. ಆಗ ಒಂದೆರಡು ಸಂಗತಿ ತಿಳಿದಿರಬೇಕು. ಟ್ರ್ಯಾಕ್ಟರ್ ಲೋಡ್ ಎಂಬುದು ಅಳತೆಯೇ ಅಲ್ಲ. ಟ್ರೇಲರಿನ ಉದ್ದ, ಅಗಲ, ತುಂಬಿದ ಎತ್ತರ ಅಳೆದು ಗುಣಿಸಿದರೆ ಘನ ಅಡಿ ಸಿಗುತ್ತದೆ, ಮರಳಿನ ಹಣವನ್ನು ಅದಕ್ಕೆ ಕೊಡಿ. ಎಂ-ಸ್ಯಾಂಡ್ ಎಂದು ಕ್ರಷರ್ ಧೂಳು ತಂದು ಸುರಿಯುವವರಿದ್ದಾರೆ. ಗಾಜಿನ ಲೋಟದಲ್ಲಿ ನೀರಿಗೆ ಹಾಕಿ ಕಲಕಿ ಬಿಟ್ಟರೆ ಧೂಳು ಮೇಲೆ ದಪ್ಪ ಪದರವಾಗಿ ಕೂರುತ್ತದೆ. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಇರುತ್ತದೆ, ಮೂರು ತಿಂಗಳು ದಾಟಿದ್ದನ್ನು ಇಳಿಸಿಕೊಳ್ಳಬೇಡಿ. 50 ಕಿಲೋ ಚೀಲ ಎಂದರೆ ಸುಮಾರು 35 ಲೀಟರ್ ಸಿಮೆಂಟ್. ಒಂದಕ್ಕೆ ಆರು ಎಂದರೆ ಅದೇ 35 ಲೀಟರಿನ ಪೆಟ್ಟಿಗೆಯಲ್ಲಿ ಆರು ಸಲ ಮರಳು. ಕೆಲಸದ ಜಾಗದಲ್ಲಿ ಅಂಥ ಪೆಟ್ಟಿಗೆಯೇ ಇಲ್ಲದೆ ಬಾಂಡ್ಲಿಗಳಲ್ಲಿ ಲೆಕ್ಕ ನಡೆಯುತ್ತಿದ್ದರೆ ಆರು ಎಂಬುದು ಊಟದ ಹೊತ್ತಿಗೆ ಎಂಟಾಗಿರುತ್ತದೆ. ಬೆಳಿಗ್ಗೆ ಕಲಸಿದ ಗಾರೆಗೆ ಮಧ್ಯಾಹ್ನ ಮತ್ತೆ ನೀರು ಚಿಮುಕಿಸಿ ಬಳಸುವುದನ್ನು ಕಂಡರೆ ಸುಮ್ಮನಿರಬೇಡಿ. ನೀರು ಬಿದ್ದ ಎರಡು ಗಂಟೆಯೊಳಗೆ ಗಾರೆ ಮುಗಿಯಬೇಕು.

ಅಂಗಳದ ಇಂಟರ್‌ಲಾಕ್ ಬ್ಲಾಕಿಗೆ ಭಾರತೀಯ ಮಾನಕ ಐಎಸ್ 15658 ಇದೆ. ಕಾರು ನಿಲ್ಲುವ ಕಡೆ 60 ಮಿಲಿಮೀಟರ್ ದಪ್ಪದ್ದು ಬೇಕು, 50ರದ್ದು ಜನ ನಡೆದಾಡುವ ಕಡೆಗೆ ಸಾಕು. ಎರಡರ ಬಣ್ಣವೂ ಒಂದೇ, ಹಾಸಿದ ಮೇಲೆ ದಪ್ಪ ಯಾರಿಗೂ ಕಾಣದು. ಲಾರಿ ಬಂದಾಗಲೇ ಪಟ್ಟಿ ಹಿಡಿದು ಅಳೆಯಿರಿ.

ಹಣದ ವಿಷಯದಲ್ಲಿ ಕಠಿಣವಾಗಿಯೇ ಇರಬೇಕು, ಆದರೆ ನ್ಯಾಯವಾಗಿ. ಅರ್ಧ ಹಣ ಮುಂಗಡ ಕೇಳುವವನಿಗೆ ಬೇರೆಲ್ಲೋ ಸಾಲವಿದೆ ಎಂದುಕೊಳ್ಳಿ. ಹತ್ತು ಪ್ರತಿಶತ ಮುಂಗಡ, ಪಾಯ ತೋಡಿ ತೋರಿಸಿದಾಗ ಒಂದು ಕಂತು, ಗೋಡೆ ನಿಂತಾಗ ಒಂದು, ಗಿಲಾವು ಮುಗಿದಾಗ ಒಂದು. ಕೊನೆಯ ಐದರಿಂದ ಹತ್ತು ಪ್ರತಿಶತವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುತ್ತೇವೆಂದು ಮೊದಲೇ ಬರೆದುಕೊಳ್ಳಿ. ಲೋಕೋಪಯೋಗಿ ಇಲಾಖೆ ಮಾಡುವುದೂ ಇದನ್ನೇ: ಭದ್ರತಾ ಠೇವಣಿ ಹಿಡಿದು, ದೋಷ ಹೊಣೆಗಾರಿಕೆ ಅವಧಿ ಮುಗಿದ ಮೇಲೆ ಬಿಡುತ್ತದೆ. ತನ್ನ ಕೆಲಸದ ಮೇಲೆ ಭರವಸೆ ಇರುವವನು ಇದಕ್ಕೆ ಒಪ್ಪುತ್ತಾನೆ. ಆದರೆ ಒಪ್ಪಿದ ದಿನ ಬಂದಾಗ ಹಣ ಕೊಡದೆ ಅಲೆದಾಡಿಸುವವರು ನಮ್ಮಲ್ಲೇ ಎಷ್ಟು ಜನರಿಲ್ಲ? ಗೋಡೆ ಅರ್ಧ ಎದ್ದ ಮೇಲೆ "ಇದನ್ನು ಸ್ವಲ್ಪ ಆ ಕಡೆ ಸರಿಸಿ" ಎಂದು ಹೇಳಿ ಹೆಚ್ಚುವರಿ ಕೂಲಿಗೆ ಮುಖ ತಿರುಗಿಸುವವರೂ ಇದ್ದೇವೆ. ಗುತ್ತಿಗೆದಾರರ ಸಭೆಯಲ್ಲಿ ನಮ್ಮ ಮೇಲೆಯೂ ಇಂಥದ್ದೇ ಉಪನ್ಯಾಸ ನಡೆಯುತ್ತಿರಬಹುದು.

ಕ್ಯೂರಿಂಗ್, ಅಂದರೆ ಕಟ್ಟಿದ್ದಕ್ಕೆ ದಿನವೂ ನೀರುಣಿಸುವುದು, ಯಾರ ಹೊಣೆ ಎಂಬುದನ್ನು ಕರಾರಿನಲ್ಲಿ ಬರೆಯುವವರು ಕಡಿಮೆ. ಈಗ ಬರುವ ಸಿಮೆಂಟಿನಲ್ಲಿ ಬಹುಪಾಲು ಹಾರುಬೂದಿ ಬೆರೆಸಿದ ಪಿಪಿಸಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಅಂಥ ಕಾಂಕ್ರೀಟಿಗೆ ಕನಿಷ್ಠ 10 ದಿನ, ನಮ್ಮ ಬೇಸಿಗೆಯಂಥ ಒಣ ಬಿಸಿಲಿಗೆ 14 ದಿನ ನೀರುಣಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವಾಗ ಗೋಡೆಗೆ ಯಾರು ಸುರಿಯುತ್ತಾರೆ? ಮಳೆ ಹಿಂದೆ ಸರಿದು ನೆಲ ಹದವಾಗಿರುವ ನವೆಂಬರಿನಿಂದ ಫೆಬ್ರವರಿಯೊಳಗೆ ಕೆಲಸ ಇಟ್ಟುಕೊಳ್ಳಿ ಎನ್ನುವ ಗುತ್ತಿಗೆದಾರ ನಿಮ್ಮ ಕೆಲಸವನ್ನು ತಪ್ಪಿಸಿಕೊಳ್ಳುತ್ತಿಲ್ಲ, ಉಳಿಸುತ್ತಿದ್ದಾನೆ.

ಕಾಂಪೌಂಡ್ ಕಟ್ಟುವ ಮೊದಲು ಪಾಲಿಕೆಯಲ್ಲಿ ವಿಚಾರಿಸಿ. ರಸ್ತೆಯ ಅಂಚಿಗೆ ರ‍್ಯಾಂಪ್ ಇಳಿಸಿ ಚರಂಡಿ ಮುಚ್ಚಿಸಿದರೆ ಒಡೆಸಿಕೊಳ್ಳುವವರು ನೀವು, "ಏನೂ ಆಗಲ್ಲ ಸರ್" ಎಂದವನಿಗೆ ನೋಟಿಸ್ ಬರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಕೆಲಸ ಕೆಟ್ಟರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೇವೆಯ ವ್ಯಾಖ್ಯೆಯೊಳಗೆ ಮನೆ ನಿರ್ಮಾಣವೂ ಇದೆ. ನೀವು ಕೊಟ್ಟ ಮೊತ್ತ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ, ತೊಂದರೆ ಉಂಟಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ಕೇಳುವುದು ಕಾಗದ: ಕರಾರು, ರಸೀದಿಗಳು, ಬಿಲ್ಲುಗಳು, ಪಾಯದೊಳಗೆ ಟೇಪು ಹಿಡಿದು ಅಂಕಿ ಕಾಣುವಂತೆ ತೆಗೆದ ಫೋಟೊ. ಗುಂಡಿ ಮುಚ್ಚುವ ಮೊದಲು ಆ ಫೋಟೊ ತೆಗೆಯುವಾಗ ಗುತ್ತಿಗೆದಾರನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಖುಷಿಯಿಂದ ನಿಂತನೆಂದರೆ ಆಯೋಗದ ಮೆಟ್ಟಿಲು ಹತ್ತುವ ಪ್ರಸಂಗ ಬಹುಶಃ ಬರುವುದಿಲ್ಲ.

ಎಸ್ಟಿಮೇಟ್ ತರಲು ಕಾರ್ಯದರ್ಶಿಗಳು ನಿಮಗೆ ಹೇಳಿದ್ದರಂತೆ. ತಂದವರು ಮುಂದೆ ಬನ್ನಿ, ಗುತ್ತಿಗೆದಾರರ ಹೆಸರಿರುವ ಭಾಗವನ್ನು ಮಡಚಿ ಕೊಡಿ. ಒಂದೊಂದಾಗಿ ಗಟ್ಟಿಯಾಗಿ ಓದೋಣ.