ಹಠಮಾರಿ ಅನ್ನುವ ಮುಂಚೆ

ನಮಸ್ಕಾರ ಕೇಳುಗರೇ. ಎಲ್‌ಕೆಜಿ ಮಿಸ್ ಕರೆದು 'ನಿಮ್ಮ ಮಗ ಒಂದು ಕಡೆ ಕೂರಲ್ಲ, ಪಕ್ಕದವರಿಗೆ ಹೊಡೀತಾನೆ, ಡಾಕ್ಟರಿಗೆ ತೋರಿಸಿ' ಅಂದರೆ ಮನೆಯಲ್ಲಿ ಏನಾಗುತ್ತದೆ ಹೇಳಿ? ಅಜ್ಜಿ 'ಗಂಡು ಹುಡುಗ, ಬೆಳೀತಾ ಬೆಳೀತಾ ಸರಿ ಹೋಗ್ತಾನೆ ಬಿಡು' ಅನ್ನುತ್ತಾರೆ. ಅಪ್ಪ ಮೊಬೈಲ್ ಹಿಡಿದು ರಾತ್ರಿಯೆಲ್ಲಾ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ, ಅದರ ಬಗ್ಗೆ ಓದುತ್ತಾರೆ. ಇಬ್ಬರದ್ದೂ ಅವಸರವೇ.

ಸಿಟ್ಟು ಬಂದಾಗ ತಡೆದುಕೊಳ್ಳುವುದು, ತನ್ನ ಸರದಿಗೆ ಕಾಯುವುದು, ಇವೆಲ್ಲ ಮಗು ನಿಧಾನವಾಗಿ ಕಲಿಯುವಂಥವು. ಮೂರು ವರ್ಷದ್ದು ಅಂಗಡಿಯಲ್ಲಿ ನೆಲಕ್ಕೆ ಬಿದ್ದು ಹೊರಳಿದರೆ ಅದು ಆ ವಯಸ್ಸಿನ ಕೆಲಸ. ಐದೂವರೆಯಲ್ಲೂ ದಿನಾ ಅದೇ ಆದರೆ, ತನಗೋ ಬೇರೆಯವರಿಗೋ ಪೆಟ್ಟು ಮಾಡಿಕೊಂಡರೆ, ಆಗ ನೋಡಿಸಬೇಕು.

ತಜ್ಞರು ಇದನ್ನು ನೋಡುವುದು ಹೇಗೆ? ಒಂದು ಆಟವಿದೆ. 'ತಲೆ ಮುಟ್ಟು' ಅಂದರೆ ಮಗು ಕಾಲ್ಬೆರಳು ಮುಟ್ಟಬೇಕು, 'ಕಾಲ್ಬೆರಳು' ಅಂದರೆ ತಲೆ. ಸರಿಯಾದರೆ 2 ಅಂಕ, ತಪ್ಪಾದರೆ ಸೊನ್ನೆ. ಕೈ ತಲೆಯ ಕಡೆ ಹೊರಟು, ಅರ್ಧದಲ್ಲೇ 'ಅಯ್ಯೋ' ಅಂತ ನಕ್ಕು ಕಾಲಿನ ಕಡೆ ತಿರುಗಿದರೆ 1 ಅಂಕ. ನನಗೆ ಆ ಒಂದು ಅಂಕವೇ ತುಂಬಾ ಇಷ್ಟ, ಯಾಕೆಂದರೆ ಮಗು ತನ್ನನ್ನು ತಾನೇ ಹಿಡಿದು ನಿಲ್ಲಿಸಿದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಆದರೆ ಶಾಂತವಾದ ರೂಮಿನ ಆಟ ಬೇರೆ, ಹಸಿದಾಗ ಯಾರೋ ಆಟಿಕೆ ಕಿತ್ತುಕೊಂಡ ಹೊತ್ತು ಬೇರೆ, ಅಲ್ವಾ? ಅದಕ್ಕೇ ಮನೆಯವರನ್ನೂ ಟೀಚರನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ. ಮಗು ದಿನನಿತ್ಯ ತನ್ನನ್ನು ಹೇಗೆ ಹತೋಟಿಯಲ್ಲಿಟ್ಟುಕೊಳ್ಳುತ್ತದೆ ಅಂತ ಕೇಳುವ ಬ್ರೀಫ್-ಪಿ ಅನ್ನುವ ಪ್ರಶ್ನಾವಳಿಯಲ್ಲಿ 63 ಪ್ರಶ್ನೆಗಳಿವೆ. ಇಬ್ಬರ ಉತ್ತರ ಹೊಂದದಿದ್ದರೆ ಯಾರೋ ಸುಳ್ಳು ಹೇಳಿದರು ಅಂತಲ್ಲ. ಎಲ್ಲಿ ಕಷ್ಟ, ಎಲ್ಲಿ ಸಲೀಸು ಅಂತ ಗೊತ್ತಾಗುವುದೇ ಅಲ್ಲಿ.

ಮಕ್ಕಳ ಮುಂದೆ ಮಾರ್ಷ್‌ಮ್ಯಾಲೋ ಮಿಠಾಯಿ ಇಟ್ಟು 'ಕಾದರೆ ಇನ್ನೊಂದು' ಅನ್ನುವ ಪರೀಕ್ಷೆ ಕೇಳಿರುತ್ತೀರಿ. ಅಮೆರಿಕದ ರಾಚೆಸ್ಟರ್‌ನಲ್ಲಿ 28 ಮಕ್ಕಳ ಜೊತೆ ಅದನ್ನೇ ಸ್ವಲ್ಪ ಬದಲಿಸಿ ಮಾಡಿದರು. ಮೊದಲೇ ಒಬ್ಬರು ಒಳ್ಳೆಯ ಬಣ್ಣದ ಸಾಮಾನು ತರುತ್ತೇನೆ ಅಂತ ಹೇಳಿ ಹೋದರು; ಕೆಲವು ಮಕ್ಕಳಿಗೆ ತಂದುಕೊಟ್ಟರು, ಉಳಿದವರ ಹತ್ತಿರ ಬರಿಗೈಲಿ ಬಂದರು. ಆಮೇಲೆ ಮಿಠಾಯಿ ಇಟ್ಟರು. ತಂದುಕೊಟ್ಟವರ ಮಾತು ನಂಬಿದ ಮಕ್ಕಳು ಸರಾಸರಿ 12 ನಿಮಿಷ ಕಾದರು, ಬರಿಗೈಲಿ ಬಂದವರನ್ನು ನೋಡಿದ ಮಕ್ಕಳು 3 ನಿಮಿಷ. ಮಾತಿಗೆ ತಪ್ಪುವವರ ಎದುರು ಯಾಕೆ ಕಾಯಬೇಕು ಹೇಳಿ!

ಇನ್ನೂ ಕೆಲವು ನೋಡಲೇಬೇಕು. ಕಿವಿ ಸರಿಯಾಗಿ ಕೇಳುತ್ತದಾ? ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತದಾ? ಮನೆಯಲ್ಲಿ ಬರೀ ಕನ್ನಡ ಕೇಳಿದ ಮಗುವಿಗೆ ಕ್ಲಾಸಲ್ಲಿ 'ಸ್ಟ್ಯಾಂಡ್ ಇನ್ ಲೈನ್' ಅಂದರೆ ಅರ್ಥವೇ ಆಗದೆ ಓಡಾಡುತ್ತಿರಬಹುದು, ಅದನ್ನೂ 'ಮಾತು ಕೇಳಲ್ಲ' ಅಂತ ಬರೆದುಬಿಡುತ್ತಾರೆ.

ಹಾಗಾಗಿ ತಜ್ಞರ ಹತ್ತಿರ ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ. ರಂಪ ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಏನಾಗಿತ್ತು, ನೀವೇನು ಮಾಡಿದಿರಿ, ಎಷ್ಟು ಹೊತ್ತಿಗೆ ತಣ್ಣಗಾಯಿತು, ಇಷ್ಟು ಸಾಕು. ಮಗು ಅಂಗನವಾಡಿಗೆ ಹೋಗುತ್ತಿದ್ದರೆ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆಯ ವೈದ್ಯರ ತಂಡ ಅಲ್ಲಿಗೇ ಬರುತ್ತದೆ. ಅವರು ಬರುವ ದಿನ ಟೀಚರನ್ನು ಕೇಳಿಟ್ಟುಕೊಂಡು ನೀವೂ ಹೋಗಿ ಮಾತಾಡಿ. ನಮಸ್ಕಾರ.